ಬೆರಳಿನ ಗಾಯದಿಂದ ಹೆಸರಾದ ಅರ್ಲ್ ಡಿಕ್ಸನ್

ರಾಜಾಜಿನಗರದ ನಮ್ಮ ಮನೆಯಲ್ಲಿ ತಾಯಿಯವರು ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ಕಾಫಿಪುಡಿ ಮೆತ್ತಿ ಮತ್ತೆ ಹೆಚ್ಚಲು ಕೂರುತ್ತಾರೆ. ಇಂಥದೇ ಅಡಿಗೆಮನೆಯ ಗಾಯದಿಂದ ಅರ್ಲ್ ಡಿಕ್ಸನ್ ಲೋಕಪ್ರಸಿದ್ಧನಾದನು.

೧೮೯೨ರಲ್ಲಿ ಅಮೆರಿಕದ ಟೆನೆಸಿ ಸೀಮೆಯಲ್ಲಿ ಹುಟ್ಟಿದ ಈತನು ವೈದ್ಯನಲ್ಲ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗೆ ಹತ್ತಿ ಕೊಳ್ಳುವ ನೌಕರ. ಹೆಂಡತಿ ಜೋಸೆಫೀನಳು ಅಡಿಗೆ ಮಾಡುವಾಗ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದಳು. ಕಟ್ಟಿದ ಬಟ್ಟೆ ಕೆಲಸಕ್ಕೆ ಕೈಯಿಟ್ಟೊಡನೆ ಜಾರುತ್ತಿತ್ತು. ಗಂಡ ಆಫೀಸಿನಲ್ಲಿರುವಾಗ ಒಂದೇ ಕೈಯಲ್ಲಿ ಕಟ್ಟಿಕೊಳ್ಳುವುದೆಂತು? ೧೯೨೦ರಲ್ಲಿ ಡಿಕ್ಸನ್ ಅಂಟುಪಟ್ಟಿಯನ್ನು ಉದ್ದಕ್ಕೆ ಹಾಸಿ, ಅಲ್ಲಲ್ಲಿ ಜಾಳುಬಟ್ಟೆಯ ಮಡಿಕೆಯಿಟ್ಟು, ಅಂಟು ಆರದಂತೆ ಮೇಲೊಂದು ಹೊದಿಕೆ ಹಾಕಿದನು. ಬೇಕಾದಷ್ಟು ಕತ್ತರಿಸಿಕೊಂಡರಾಯಿತು!

ಮರುವರ್ಷ ಅದೇ ಬ್ಯಾಂಡ್-ಏಡ್ ಎಂದು ಪೇಟೆಗೆ ಬಂದಿತು. ಮೊದಲು ಕೊಳ್ಳುವವರಿಲ್ಲ, ಬಾಲಚರರಿಗೆ ಪುಕ್ಕಟೆ ಹಂಚಿದರು. ೧೯೨೪ರಿಂದ ಯಂತ್ರದಲ್ಲಿ ತಯಾರಾಯಿತು. ಡಿಕ್ಸನ್ ಕಂಪನಿಯ ಉಪಾಧ್ಯಕ್ಷನಾಗಿ, ೧೯೫೭ರಲ್ಲಿ ನಿವೃತ್ತನಾಗಿ, ೧೯೬೧ರಲ್ಲಿ ತೀರಿಕೊಂಡನು. ಕೀರ್ತಿಯಲ್ಲಿ ಜೋಸೆಫೀನಳ ಪಾಲೂ ಉಂಟೆಂದು ನನ್ನ ಎಣಿಕೆ.

ಆದರೆ ಪಟ್ಟಿ ಬರಿಯ ಮುಚ್ಚಳ. ಮೊದಲು ಶುದ್ಧ ಬಟ್ಟೆಯಿಂದ ಒತ್ತಿ ರಕ್ತ ನಿಲ್ಲಿಸಿ, ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಗಾಯ ಆಳವಾದರೆ ವೈದ್ಯರನ್ನು ಕಂಡು ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ಕೇಳಬೇಕು. ಇದನ್ನು ಮನೆಯಲ್ಲಿ ಹೇಳಿದೆ. ಈಗ ಸಾಸಿವೆ ಡಬ್ಬಿಯ ಪಕ್ಕದಲ್ಲಿ ನಾಲ್ಕು ಪಟ್ಟಿಗಳಿವೆ. ಕಾಫಿಪುಡಿಯನ್ನು ಮಾತ್ರ ತಾಯಿಯವರು ಇನ್ನೂ ಬಿಟ್ಟಿಲ್ಲ.