ಜಾನ್ ಬನ್ಯನ್ನನ ಮನೋವೇದನೆ

ಆಂಗ್ಲ ಸಾಹಿತಿ ಜಾನ್ ಬನ್ಯನ್ನನು ೧೬೨೮ರಲ್ಲಿ ಬೆಡ್‌ಫರ್ಡಿನ ಬಳಿಯ ಎಲ್‌ಸ್ಟೋ ಗ್ರಾಮದಲ್ಲಿ ಹುಟ್ಟಿದನು. ತಂದೆಯದು ಹಳೆಯ ಪಾತ್ರೆಗಳನ್ನು ಸರಿಪಡಿಸುವ ಕಸುಬು. ಆತನ ಆತ್ಮಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಅವನ ಬಾಲ್ಯ. ಒಂಬತ್ತು ಹತ್ತು ವರ್ಷದ ಹುಡುಗನಿಗೆ ರಾತ್ರಿ ಪಿಶಾಚಿಗಳ ಕನಸು. ಹಗಲು ಆಟದ ನಡುವೆಯೂ ನರಕದ ಭಯ.

ಬೆಳೆದ ಮೇಲೂ ಅಳುಕು ಬಿಡಲಿಲ್ಲ. ಇಗರ್ಜಿಯ ಗಂಟೆ ಬಾರಿಸುವುದು ಪಾಪವೆನಿಸಿ ಬಿಟ್ಟನು. ಆದರೂ ನೋಡಲು ಹೋಗುತ್ತಿದ್ದನು. ಗಂಟೆ ತಲೆಯ ಮೇಲೆ ಬಿದ್ದರೆ? ತೊಲೆಯ ಕೆಳಗೆ ನಿಂತನು. ಗೋಡೆಗೆ ತಾಗಿ ಸಿಡಿದರೆ? ಬಾಗಿಲಿಗೆ ಸರಿದನು. ಗೋಪುರವೇ ಕುಸಿದರೆ? ಓಡಿದನು. ಮುಂದೆ ಕ್ರಿಸ್ತನನ್ನು ಮಾರಿಬಿಡಬೇಕೆಂಬ ಬೇಡದ ಆಲೋಚನೆ ಸುಮಾರು ಒಂದು ವರ್ಷ ಕಾಡಿತು. ಕೈಯಿಂದ ತಳ್ಳುವವನಂತೆ ಒದ್ದಾಡಿದರೂ ಹೋಗಲಿಲ್ಲ.

ಬೆಡ್‌ಫರ್ಡಿನ ಕೆಲವು ಬಡ ಹೆಂಗಸರ ಮುಂದೆ, ಗುರು ಗಿಫರ್ಡನ ಮುಂದೆ ಅವನು ಮನ ಬಿಚ್ಚಿದನು. ಗುಣ ಒಮ್ಮೆಲೇ ಆಗಲಿಲ್ಲ, ವರ್ಷಗಳೇ ಹಿಡಿದವು. ಅಪ್ಪಣೆಯಿಲ್ಲದೆ ಬೋಧಿಸಿ ೧೬೬೦ರಿಂದ ೧೨ ವರ್ಷ ಸೆರೆಮನೆಯಲ್ಲಿದ್ದನು. ಆ ಅವಧಿಯಲ್ಲೇ, ೧೬೬೬ರಲ್ಲಿ, ತನ್ನ ಭಯಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದನು. ೧೬೭೮ರ ಅವನ ಮಹಾಕೃತಿ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೂ ಬಂದಿದೆ. ೧೬೮೮ರಲ್ಲಿ ಅವನು ತೀರಿಕೊಂಡನು.

ಮನಸ್ಸಿಗೆ ನುಗ್ಗಿದ ಆಲೋಚನೆ ಮಾಡಿದ ಪಾಪವಲ್ಲ. ಎಳೆತನದ ಅಳುಕನ್ನು ಒಳಗೇ ಹೊತ್ತಿರುವ ಸಹಪಾಠಿಗಳು ನಂಬಿಕೆಯ ಹಿರಿಯರೊಬ್ಬರಲ್ಲಿ ಹೇಳಿಕೊಂಡರೆ ಭಾರ ಇಳಿದೀತೆಂದು ನನಗೆ ತೋರುತ್ತದೆ.