ಗಣಿತಸಾರಸಂಗ್ರಹಕಾರ ಶ್ರೀ ಮಹಾವೀರಾಚಾರ್ಯರು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯು ಕನ್ನಡ ನಾಡಿನ ವಿದ್ಯಾವೈಭವದ ಕಾಲ. ಜಿನಸೇನಾಚಾರ್ಯರ ಆದಿಪುರಾಣವೂ ಕವಿರಾಜಮಾರ್ಗವೂ ಮೂಡಿಬಂದ ಆ ಯುಗದಲ್ಲಿಯೇ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಗ್ರಂಥಾರಂಭದಲ್ಲಿ ವರ್ಧಮಾನ ಜಿನೇಂದ್ರನನ್ನು ವಂದಿಸಿ, ನೃಪತುಂಗನನ್ನು ಹೊಗಳಿರುವ ಆಚಾರ್ಯರು ತಮ್ಮ ತಂದೆತಾಯಿಗಳ, ಹುಟ್ಟೂರಿನ ವಿಷಯವಾಗಿ ಒಂದು ಮಾತನ್ನೂ ಹೇಳಿಕೊಂಡಿಲ್ಲ. ಅವರ ಚರಿತ್ರೆಯೆಂದರೆ ಅವರ ಗ್ರಂಥವೇ.

ಸಾವಿರದ ನೂರಕ್ಕೂ ಮಿಕ್ಕ ಶ್ಲೋಕಗಳ ಈ ಕೃತಿಯಲ್ಲಿ ಒಂಬತ್ತು ಅಧಿಕಾರಗಳಿವೆ. ಏಳನೆಯದು ಕ್ಷೇತ್ರಗಣಿತ. ಇಲ್ಲಿ ಆಚಾರ್ಯರು ತ್ರಿಭುಜದ ಫಲವನ್ನು ಎರಡು ಬಗೆಯಾಗಿ ಹೇಳುತ್ತಾರೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ಎರಡು ಬಾಹುಗಳ ಮೊತ್ತದ ಅರ್ಧವನ್ನು ಭೂಮಿಯ, ಅಂದರೆ ಪಾದದ, ಅರ್ಧದಿಂದ ಗುಣಿಸುವುದು ವ್ಯಾವಹಾರಿಕ. ಹಗ್ಗವೊಂದಿದ್ದರೆ ಸಾಕು, ಯಾರು ಬೇಕಾದರೂ ಅಳೆಯಬಹುದು. ಆದರೆ ಈ ಸುಲಭದ ಬೆಲೆ ಅಲ್ಪವಲ್ಲ. ಬಾಹುಗಳು 13 ಮತ್ತು 15 ದಂಡ, ಭೂಮಿ 14 ದಂಡವಿರುವ ಹೊಲವೊಂದಿರಲಿ. ವ್ಯಾವಹಾರಿಕ ಫಲ 98 ಚದರ ದಂಡವಾಗುತ್ತದೆ. ನಿಜವಾದ ಫಲ 84. ತೆರಿಗೆಯನ್ನು ಮೊದಲನೆಯ ಲೆಕ್ಕದಂತೆ ವಿಧಿಸಿದರೆ ಒಕ್ಕಲಿಗನು ಇಲ್ಲದ 14 ಚದರ ದಂಡಕ್ಕೂ ತೆರಬೇಕಾದೀತು!

ಸೂಕ್ಷ್ಮಫಲಕ್ಕೆ ಬೇಕಾದುದು ಅವಲಂಬಕ, ಅಂದರೆ ತುದಿಯಿಂದ ಭೂಮಿಗೆ ನೇರವಾಗಿ ಇಳಿಯುವ ಲಂಬ. ಭೂಮಿಯ ಅರ್ಧವನ್ನು ಅವಲಂಬಕದಿಂದ ಗುಣಿಸಿದರೆ ಫಲ ದೊರೆಯುತ್ತದೆ. ಬೆಳೆ ನಿಂತ ಹೊಲದ ನಡುವೆ ಲಂಬವನ್ನು ಎಳೆಯುವುದೆಂತು? ಎಳೆಯಬೇಕಾದುದೇ ಇಲ್ಲ. ಬಾಹುಗಳ ವರ್ಗಗಳಾದ 225 ಮತ್ತು 169ರ ಅಂತರ 56. ಅದನ್ನು 14ರಿಂದ ಭಾಗಿಸಿದರೆ 4. ಈ 4ನ್ನು 14ಕ್ಕೆ ಕೂಡಿಸಿ ಅರ್ಧಿಸಿದರೆ 9, ಕಳೆದು ಅರ್ಧಿಸಿದರೆ 5. ಲಂಬವು ಭೂಮಿಯನ್ನು ತುಂಡರಿಸುವ ಈ ಎರಡು ಭಾಗಗಳಿಗೆ ಆಬಾಧೆಗಳೆಂದು ಹೆಸರು. 13ರ ವರ್ಗದಿಂದ 5ರ ವರ್ಗವನ್ನು ಕಳೆದರೆ 144. ಅದರ ಮೂಲವಾದ 12 ದಂಡವೇ ಅವಲಂಬಕ. ಏಳನ್ನು ಹನ್ನೆರಡರಿಂದ ಗುಣಿಸಲು 84. ಮೂರು ಬಾಹುಗಳಿಂದಲೇ ನೇರವಾಗಿ ಫಲವನ್ನು ಪಡೆಯುವ ಸೂತ್ರವನ್ನೂ ಆಚಾರ್ಯರು ಕೊಟ್ಟಿದ್ದಾರೆ. ಅದರಿಂದಲೂ ಬರುವುದು 84ೇ ಸರಿ.

ಚತುರ್ಭುಜಕ್ಕೂ ಅಂಥದೇ ಸೂತ್ರವನ್ನು ಹೇಳುವಾಗ, ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿರಬೇಕೆಂಬ ನಿಬಂಧನೆಯನ್ನು ಅವರು ಸೇರಿಸಿಲ್ಲ. ಇದೊಂದು ಕೊರತೆಯೆಂದು ಒಪ್ಪಲೇಬೇಕು. ಆದರೂ ಸ್ಥೂಲವನ್ನೂ ಸೂಕ್ಷ್ಮವನ್ನೂ ಹೆಸರಿಟ್ಟು ಬೇರ್ಪಡಿಸಿ, ಕಲಿಯುವವನ ಮುಂದೆ ಎರಡನ್ನೂ ಇರಿಸಿದ ಪ್ರಾಮಾಣಿಕತೆ ಸಾಮಾನ್ಯವಾದುದಲ್ಲ.

ಗ್ರಂಥವು ದಕ್ಷಿಣದಲ್ಲಿ ಬಹುಕಾಲ ಪಾಠದಲ್ಲಿತ್ತು. ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ಕನ್ನಡದಲ್ಲಿಯೇ ಕ್ಷೇತ್ರಗಣಿತವನ್ನು ಬರೆದನು. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು; ಕನ್ನಡ ಅನುವಾದವುಳ್ಳ ಆವೃತ್ತಿಯು 2000ದಲ್ಲಿ ಹೊಂಬುಜ ಜೈನ ಮಠದಿಂದ ಹೊರಬಂದಿತು.