ಖಾಸಗಿ ಸೆರೆಮನೆಗಳ ಕಾಲದ ದಿವಾನರು

ಕಳೆದ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ತರಬೇತಿಗೆಂದು ನಮಗೆ ಗ್ರೂಪ್ ಡಿಸ್ಕಷನ್ ಇಟ್ಟಿದ್ದರು. ವಿಷಯ ಖಾಸಗೀಕರಣ. ರೈಲು, ಬ್ಯಾಂಕು, ವಿಮಾನ ನಿಲ್ದಾಣ ಎಲ್ಲವನ್ನೂ ನನಗಿಂತ ಮೊದಲು ಮಾತಾಡಿದವರು ಹೇಳಿ ಮುಗಿಸಿದ್ದರು. ಏನಾದರೂ ಬೇರೆ ಹೇಳಬೇಕಲ್ಲ, ಜೈಲುಗಳನ್ನೂ ಕಂಪನಿಗಳಿಗೆ ಕೊಡಬೇಕು ಅಂದುಬಿಟ್ಟೆ. ಅಮೆರಿಕದಲ್ಲಿ ಹಾಗೆ ಕೊಟ್ಟಿದ್ದಾರೆ, ಖರ್ಚು ಕಡಿಮೆ, ಕೆಲಸ ಚುರುಕು ಎಂದು ಎರಡು ನಿಮಿಷ ಮಾತಾಡಿದೆ. ಹತ್ತಕ್ಕೆ ಎಂಟು ಅಂಕ ಬಂತು. ಹೊಸ ಯೋಚನೆ ಎಂದು ತರಬೇತುದಾರರು ಮೆಚ್ಚಿಕೊಂಡರು.

ಅದು ಹೊಸದಲ್ಲ ಎಂದು ಗೊತ್ತಾದದ್ದು ರಜೆಗೆ ಹುಮನಾಬಾದಿಗೆ ಬಂದಾಗ. ಅಕ್ಕ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ನೋಟ್ಸ್‌ನಲ್ಲಿ ಒಂದೇ ಸಾಲು ಇತ್ತು: ಮೊದಲನೇ ಸಾಲಾರ್ ಜಂಗ್, ಜಿಲ್ಲಾಬಂದಿ, 1865. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನಮ್ಮ ಕಡೆಯವರಿಗೆಲ್ಲ ಗೊತ್ತು. ಹೈಸ್ಕೂಲ್ ಟ್ರಿಪ್‌ನಲ್ಲಿ ನಾನೂ ಹೋಗಿ ಗಡಿಯಾರದ ಗೊಂಬೆ ಗಂಟೆ ಬಾರಿಸುವುದನ್ನು ನೋಡಿ ಬಂದಿದ್ದೆ. ಆದರೆ ಆ ಸಂಗ್ರಹದ ಬಹುಪಾಲು ಕೂಡಿಸಿದವರು ಮೂರನೇ ಸಾಲಾರ್ ಜಂಗ್, ಇವರ ಮೊಮ್ಮಗ. ಮೊದಲನೆಯವರ ಬಗ್ಗೆ ನನಗೇನೂ ತಿಳಿದಿರಲಿಲ್ಲ. ಒಂದು ಸಾಲಿನ ಉತ್ತರ ಬಾಯಿಪಾಠ ಮಾಡುವುದಕ್ಕಿಂತ ಹೆಚ್ಚು ತಿಳಿಯೋಣ ಎಂದು ಹುಡುಕಿ ಓದತೊಡಗಿದೆ.

ಅವರ ಹೆಸರು ಮೀರ್ ತುರಾಬ್ ಅಲಿ ಖಾನ್. ಹುಟ್ಟಿದ್ದು ನಮ್ಮದೇ ವಿಜಯಪುರದಲ್ಲಿ, 1829ರಲ್ಲಿ. ತಲೆಮಾರುಗಳಿಂದ ಮಂತ್ರಿಗಿರಿ ಮಾಡಿದ ಮನೆತನ; ಮೊದಲು ಆದಿಲಶಾಹಿಗಳ ಕೈಕೆಳಗೆ, ಕೊನೆಗೆ ನಿಜಾಮರ ಕೈಕೆಳಗೆ. 1853ರ ಮೇ ತಿಂಗಳಲ್ಲಿ ಬ್ರಿಟಿಷರು ಸೈನ್ಯದ ಬಾಕಿ ಹಣದ ನೆಪದಲ್ಲಿ ನಿಜಾಮರಿಂದ ಬೇರಾರ್, ರಾಯಚೂರು ದೋಆಬ್, ನಳದುರ್ಗ ಸೀಮೆಗಳನ್ನು ಬರೆಸಿಕೊಂಡರು. ಆ ಒಪ್ಪಂದವಾದ ಕೆಲವೇ ದಿನಗಳಲ್ಲಿ ದಿವಾನರಾಗಿದ್ದ ಚಿಕ್ಕಪ್ಪ ಸಿರಾಜ್ ಉಲ್ ಮುಲ್ಕ್ ತೀರಿಕೊಂಡರು. ಜಾಗ ತುಂಬಿದ್ದು ಇಪ್ಪತ್ತನಾಲ್ಕು ವರ್ಷದ ಈ ಹುಡುಗ. ನಮ್ಮಲ್ಲಿ ಆ ವಯಸ್ಸಿಗೆ ಎರಡನೇ ಸಲ ಪಿಎಸ್‌ಐ ಅರ್ಜಿ ಹಾಕುತ್ತಿರುತ್ತೇವೆ.

ಅವರ ಕೈಗೆ ಬಂದ ರಾಜ್ಯದಲ್ಲಿ ಬೊಕ್ಕಸ ಖಾಲಿ. ಅದಕ್ಕಿಂತ ದೊಡ್ಡ ಸಂಗತಿ, ಸರ್ಕಾರ ಮಾಡಬೇಕಾದ ಕೆಲಸವನ್ನೆಲ್ಲ ಗುತ್ತಿಗೆದಾರರು ಮಾಡುತ್ತಿದ್ದರು. ತಾಲ್ಲೂಕುಗಳು ಇಜಾರೆಗೆ ಹೋಗುತ್ತಿದ್ದವು. ಮುಂಗಡ ಹೆಚ್ಚು ಕೊಟ್ಟವನೇ ತಾಲ್ಲೂಕದಾರ. ವಸೂಲಿಯಾದ ಪ್ರತಿ ರೂಪಾಯಿಗೆ ಎರಡಾಣೆ ಅವನ ಪಾಲು. ಮುಂದಿನ ವರ್ಷ ಇನ್ನೊಬ್ಬ ಹೆಚ್ಚು ಕೊಟ್ಟರೆ ತಾಲ್ಲೂಕು ಕೈತಪ್ಪುತ್ತದೆ, ಹಾಗಾಗಿ ಸಿಕ್ಕಷ್ಟು ಕಾಲದಲ್ಲಿ ಹಿಂಡಿಕೊಳ್ಳಬೇಕು. ಹಿಡಿಯುವವರೂ ಅವನ ಜನ, ಕೂಡಿಹಾಕುವವರೂ ಅವನ ಜನ.

ಹೈದರಾಬಾದ್ ಪಟ್ಟಣದಲ್ಲಿ ಇನ್ನೂ ಬಿಗಿ. ಅರಬ್‌ಸ್ತಾನದ ಹದ್ರಮೌತ್‌ನಿಂದ ಬಂದ ಸಿಪಾಯಿಗಳು ನಿಜಾಮರ ಕೂಲಿ ಸೈನ್ಯದಲ್ಲಿದ್ದರು. ಸಂಬಳ ವರ್ಷಗಟ್ಟಲೆ ಬಾಕಿ. ಅವರ ಜಮಾದಾರರು ಕ್ರಮೇಣ ಲೇವಾದೇವಿಗೆ ಇಳಿದು ಸರದಾರರಿಗೆ, ಕೊನೆಗೆ ಸರ್ಕಾರಕ್ಕೇ ಸಾಲ ಕೊಟ್ಟರು, ಬದಲಿಗೆ ತಾಲ್ಲೂಕುಗಳನ್ನು ಒತ್ತೆ ಹಿಡಿದರು. ತೀರಿಸದವರನ್ನು ಎಳೆದು ತಂದು ತಮ್ಮ ಮನೆಗಳಲ್ಲೇ ಕಾವಲಿಟ್ಟು ಕೂಡಿಹಾಕುತ್ತಿದ್ದರು. ಬೇರೆ ಸಾಹುಕಾರರೂ ವಸೂಲಿಗೆ ಇವರನ್ನೇ ಬಾಡಿಗೆಗೆ ಹಿಡಿಯುತ್ತಿದ್ದರು. ಅಪರಾಧ, ವಿಚಾರಣೆ, ಶಿಕ್ಷೆ ಯಾವುದೂ ಇಲ್ಲ. ಹಣ ಬರುವವರೆಗೆ ಒಳಗೆ, ಬಂದರೆ ಹೊರಗೆ. ಜೈಲು ಅಂದರೆ ವ್ಯಾಪಾರದ ಒಂದು ಕೋಣೆ.

ಇದರ ಚಿಕ್ಕ ರೂಪ ದಖನ್‌ನ ಹಳ್ಳಿಗಳಲ್ಲಿತ್ತು. ಬಾಕಿದಾರನ ಬಾಗಿಲಿಗೆ ಒಬ್ಬ ಆಳನ್ನು ಕೂರಿಸುವುದು. ಅದಕ್ಕೆ ಮೊಹಸಲ್ ಎಂದು ಹೆಸರು. ಆ ಆಳಿನ ದಿನಗೂಲಿಯನ್ನೂ ಬಾಕಿದಾರನೇ ಕೊಡಬೇಕು. ಎಷ್ಟು ದಿನ ಕೂತರೆ ಅಷ್ಟು ದಿನದ ಕೂಲಿ. ಹಾಗಿದ್ದಮೇಲೆ ಬೇಗ ಎದ್ದು ಹೋಗಲು ಅವನಿಗೇನು ಅವಸರ?

ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. ಎರಡು ವರ್ಷದ ಹಿಂದೆ ತೊಗರಿ ಕೈಕೊಟ್ಟಿತ್ತು. ಅವ್ವನ ಹೆಸರಲ್ಲಿ ಗುಂಪು ಸಾಲವಿತ್ತು, ಮೂರು ಕಂತು ತಪ್ಪಿತ್ತು. ವಸೂಲಿಯವರು ಇಬ್ಬರು ಬೆಳಗ್ಗೆ ಏಳಕ್ಕೆ ಬಂದು ನಮ್ಮ ಮನೆ ಕಟ್ಟೆಯ ಮೇಲೆ ಕೂತರೆ ರಾತ್ರಿಯವರೆಗೂ ಏಳಲಿಲ್ಲ. ಮರುದಿನವೂ ಹಾಗೇ. ಅವ್ವ ಎರಡು ದಿನ ಹೊರಗೆ ಕಾಲಿಡಲಿಲ್ಲ, ಓಣಿಯವರ ಮುಖ ನೋಡಲಾಗದೆ ಕಿಟಕಿ ಕೂಡ ತೆಗೆಯಲಿಲ್ಲ. ಆದರೂ ಅವರಿಗೆ ಚಹಾ ಮಾಡಿ ಕಳಿಸಿದಳಂತೆ. ನಾನು ಹಾಸ್ಟೆಲ್‌ನಲ್ಲಿದ್ದೆ, ಇಂಟರ್ನಲ್ಸ್ ಇದ್ದವು, ನನಗೆ ಯಾರೂ ಹೇಳಲಿಲ್ಲ. ಮೂರನೇ ದಿನ ಕಾಕಾ ಎಲ್ಲಿಂದಲೋ ದುಡ್ಡು ತಂದುಕೊಟ್ಟರು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಇಂಥ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಾಗ ಅವ್ವ ಟಿವಿಯ ಸೌಂಡ್ ಜಾಸ್ತಿ ಮಾಡಿ ಕೇಳಿದಳು.

ಸಾಲಾರ್ ಜಂಗ್ ಅವರ ಬಳಿ ಅರಬ್ಬರ ವಿರುದ್ಧ ಹೋರಾಡುವ ಸೈನ್ಯ ಇರಲಿಲ್ಲ. ಸೈನ್ಯದ ಬಲವೇ ಆ ಅರಬ್ಬರು. ಹಾಗಾಗಿ ಅವರು ಲೆಕ್ಕದ ದಾರಿ ಹಿಡಿದರು. ಸಾಲಗಳನ್ನು ಪರಿಶೀಲಿಸಿ, ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತ ಒತ್ತೆಯಿಟ್ಟ ತಾಲ್ಲೂಕುಗಳನ್ನು ಬಿಡಿಸಿಕೊಂಡರು. ಜಮಾದಾರರನ್ನು ಶತ್ರು ಮಾಡಿಕೊಳ್ಳದೆ ಅವರ ಮೂಲಕವೇ ಅವರ ಜನರನ್ನು ಶಿಸ್ತಿಗೆ ತಂದರು, ದರೋಡೆಕೋರರ ಮೇಲೆ ಅದೇ ಅರಬ್ ಪಡೆಯನ್ನು ಬಿಟ್ಟರು. ಹಕ್ಕುಬಾಕಿ ಇದ್ದವರು ನ್ಯಾಯಾಲಯಕ್ಕೆ ಹೋಗಲಿ ಎಂದು ನ್ಯಾಯಾಲಯಗಳನ್ನು ತೆರೆದರು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಸಂಬಳದ ವಿಚಾರ. ಇಜಾರೆ ತೆಗೆದು ತಾಲ್ಲೂಕದಾರರಿಗೆ ತಿಂಗಳ ಸಂಬಳ ಗೊತ್ತುಮಾಡಿದರು. 1865ರ ಜಿಲ್ಲಾಬಂದಿಯಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ ಅವ್ವಲ್, ದೋಮ್, ಸೋಮ್ ತಾಲ್ಲೂಕದಾರರು, ಅವರ ಕೆಳಗೆ ತಹಸೀಲ್ದಾರರು ಎಂದು ನೇಮಿಸಿದರು. ಪೊಲೀಸು ಬೇರೆ, ಕಂದಾಯ ಬೇರೆಯಾಯಿತು. ಹೈದರಾಬಾದಿನ ಚಂಚಲಗೂಡ ಜೈಲು ಕಟ್ಟಿದ್ದು 1876ರಲ್ಲಿ, ಅವರದೇ ಆಡಳಿತದಲ್ಲಿ. ಸರ್ಕಾರಿ ಜೈಲು ಒಳ್ಳೆಯ ಜಾಗ ಅಂತಲ್ಲ. ಆದರೆ ಅಲ್ಲಿನ ಕಾವಲುಗಾರನಿಗೆ ಕೈದಿ ಇವತ್ತು ಬಿಡುಗಡೆಯಾದರೂ ಅಷ್ಟೇ ಸಂಬಳ, ಹತ್ತು ವರ್ಷ ಬಿಟ್ಟು ಆದರೂ ಅಷ್ಟೇ ಸಂಬಳ. ನನ್ನ ಎರಡು ನಿಮಿಷದ ಭಾಷಣದಲ್ಲಿ ಈ ಅಂಶವೇ ಇರಲಿಲ್ಲ.

ಇಂಗ್ಲೆಂಡಿನಲ್ಲೂ ಇದೇ ರೋಗವಿತ್ತು. 1773ರಲ್ಲಿ ಬೆಡ್‌ಫರ್ಡ್‌ಶೈರ್‌ನ ಶೆರಿಫ್ ಆದ ಜಾನ್ ಹೊವಾರ್ಡ್ ಜೈಲು ನೋಡಲು ಹೋದಾಗ, ನಿರಪರಾಧಿ ಎಂದು ತೀರ್ಪಾದವರೂ ಒಳಗೇ ಇದ್ದರು. ಜೈಲರ್‌ಗೆ ಸಂಬಳವಿಲ್ಲ, ಕೈದಿಗಳು ಕೊಡುವ ಶುಲ್ಕವೇ ಅವನ ಗಳಿಕೆ, ಶುಲ್ಕ ಕಟ್ಟದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಹೊವಾರ್ಡ್ ಬಗ್ಗೆ ನಮ್ಮ ಪರೀಕ್ಷೆಗಳಲ್ಲಿ ಪ್ರಶ್ನೆ ಬರುವುದಿಲ್ಲ, ಆದರೂ ಓದಿ.

ಸಾಲಾರ್ ಜಂಗ್ ಅವರನ್ನು ದೇವರು ಮಾಡಲು ನನಗೆ ಮನಸ್ಸಿಲ್ಲ. 1857ರಲ್ಲಿ ಅವರು ಬ್ರಿಟಿಷರ ಪಕ್ಷ ನಿಂತರು. ತುರ್ರೇಬಾಜ್ ಖಾನ್ ರೆಸಿಡೆನ್ಸಿ ಮೇಲೆ ನುಗ್ಗುವ ಸುದ್ದಿಯನ್ನು ಮೊದಲೇ ರೆಸಿಡೆಂಟ್‌ಗೆ ಮುಟ್ಟಿಸಿದರು. ನಿಷ್ಠೆಯ ಬಹುಮಾನವಾಗಿ 1860ರಲ್ಲಿ ರಾಯಚೂರು, ನಳದುರ್ಗ ಮರಳಿ ಬಂದವು, ಬಂಡೆದ್ದು ಸೋತ ಸುರಪುರವೂ ನಿಜಾಮರ ಪಾಲಾಯಿತು. ಸುರಪುರದ ಗೆಳೆಯನೊಬ್ಬ ನನ್ನ ರೂಮಿನಲ್ಲಿದ್ದಾನೆ, ಈ ಲೇಖನ ಅವನಿಗೆ ಇಷ್ಟವಾಗಲಿಕ್ಕಿಲ್ಲ. ಅವರನ್ನು ಕೊಲ್ಲಲು ಎರಡು ಸಲ, 1859ರಲ್ಲಿ ಮತ್ತು 1868ರಲ್ಲಿ, ಗುಂಡು ಹಾರಿಸಿದ್ದರು. ಎರಡೂ ಸಲ ಉಳಿದರು.

ಇನ್ನೊಂದು ಕೊರತೆ ನಮ್ಮ ತಾಲ್ಲೂಕಿನ ಪಕ್ಕದಲ್ಲೇ ಇತ್ತು. ಅವರ ಸುಧಾರಣೆ ನಡೆದದ್ದು ಸರ್ಕಾರಿ ಸೀಮೆಯಲ್ಲಿ ಮಾತ್ರ. ಇಂದಿನ ಬಸವಕಲ್ಯಾಣ ಆಗ ಕಲ್ಯಾಣಿ, ಒಬ್ಬ ನವಾಬನ ಜಹಗೀರು. ರಾಜ್ಯದ ದೊಡ್ಡ ಜಹಗೀರುದಾರರಿಗೆ ತಮ್ಮದೇ ಪೊಲೀಸು, ತಮ್ಮದೇ ನ್ಯಾಯದ ಅಧಿಕಾರ ಉಳಿಯಿತು. ಸ್ವತಃ ದಿವಾನರೂ ದೊಡ್ಡ ಜಹಗೀರುದಾರರೇ. ಆ ವ್ಯವಸ್ಥೆ ಕೊನೆಗೊಂಡದ್ದು 1949ರಲ್ಲಿ, ಜಹಗೀರು ರದ್ದತಿಯೊಂದಿಗೆ. ಅಂದರೆ ನಮ್ಮ ಮುತ್ತಜ್ಜಂದಿರು ಅದನ್ನು ಕಂಡವರು.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. 1876ರಲ್ಲಿ ಅವರು ಯುರೋಪಿಗೆ ಹೋದರು. ಮ್ಯೂಸಿಯಂನಲ್ಲಿ ನಾವೆಲ್ಲ ಬಾಯಿಬಿಟ್ಟು ನೋಡುವ ಮುಸುಕಿನ ರೆಬೆಕಾ ಶಿಲ್ಪ ಆ ಪ್ರವಾಸದಲ್ಲೇ ಕೊಂಡದ್ದು. ಪ್ಯಾರಿಸ್‌ನ ಹೋಟೆಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಬೇರಾರ್ ಮರಳಿ ಪಡೆಯುವ ಆಸೆ ಕೊನೆಗೂ ಈಡೇರಲಿಲ್ಲ. 1883ರ ಫೆಬ್ರುವರಿ 8ರಂದು ಕಾಲರಾದಿಂದ ತೀರಿಕೊಂಡರು. ವಯಸ್ಸು ಐವತ್ತನಾಲ್ಕು. ಅಷ್ಟರಲ್ಲಿ ಮೂವತ್ತು ವರ್ಷ ದಿವಾನಗಿರಿ.

ಅದಾಗಿ ಸರಿಯಾಗಿ ನೂರು ವರ್ಷಕ್ಕೆ, 1983ರಲ್ಲಿ, ಅಮೆರಿಕದ ಟೆನ್ನೆಸೀಯಲ್ಲಿ ಕರೆಕ್ಷನ್ಸ್ ಕಾರ್ಪೊರೇಷನ್ ಆಫ್ ಅಮೆರಿಕ ಹುಟ್ಟಿತು. ನಾನು ಗ್ರೂಪ್ ಡಿಸ್ಕಷನ್‌ನಲ್ಲಿ ಹೊಗಳಿದ್ದು ಇಂಥ ಕಂಪನಿಗಳನ್ನೇ. ಸರ್ಕಾರ ಅವುಗಳಿಗೆ ಹೆಚ್ಚಾಗಿ ಕೈದಿಗೆ ದಿನಕ್ಕೆ ಇಷ್ಟು ಎಂದು ಹಣ ಕೊಡುತ್ತದೆ. ಖಾಸಗಿ ಜೈಲುಗಳ ಕೆಲವು ಒಪ್ಪಂದಗಳಲ್ಲಿ ಶೇ 80ರಿಂದ 100ರಷ್ಟು ಹಾಸಿಗೆ ತುಂಬಿಸುವ ಖಾತರಿ ಇದೆ, ಖಾಲಿ ಉಳಿದರೂ ಅದರ ಹಣ ಕೊಡಬೇಕು. ಪೆನ್ಸಿಲ್ವೇನಿಯಾದ ಲುಜರ್ನ್ ಕೌಂಟಿಯಲ್ಲಿ ಮಕ್ಕಳ ಖಾಸಗಿ ಬಂದೀಖಾನೆಗೆ ಸಂಬಂಧಿಸಿದವರಿಂದ ಇಬ್ಬರು ನ್ಯಾಯಾಧೀಶರು ಹಣ ಪಡೆದಿದ್ದರು. ಸಣ್ಣಪುಟ್ಟ ತಪ್ಪಿಗೂ ಮಕ್ಕಳು ಒಳಗೆ ಹೋಗಿದ್ದರು. 2009ರಲ್ಲಿ ಪ್ರಕರಣ ಬಯಲಾಯಿತು. ಬ್ರಿಟನ್ ಬರ್ಮಿಂಗ್‌ಹ್ಯಾಮ್ ಜೈಲನ್ನು 2018ರಲ್ಲಿ ಖಾಸಗಿ ಕಂಪನಿಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ನಮ್ಮ ದೇಶದ ಜೈಲುಗಳು ರಾಜ್ಯ ಸರ್ಕಾರಗಳ ಕೈಯಲ್ಲಿವೆ. ಒಳಗಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು, ಇನ್ನೂ ಅಪರಾಧ ಸಾಬೀತಾಗದವರು. ಜಾಮೀನು ಸಿಕ್ಕರೂ ಹಣ, ಜಾಮೀನುದಾರ ಹೊಂದಿಸಲಾಗದೆ ಉಳಿದವರೂ ಅವರಲ್ಲಿದ್ದಾರೆ. ಇಂಥವರ ಒಂದೊಂದು ದಿನಕ್ಕೂ ಯಾರಿಗಾದರೂ ಬಿಲ್ ಆಗುವಂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದಾಗ, ಕಟ್ಟೆಯ ಮೇಲೆ ಕೂತ ಆ ಇಬ್ಬರು ನೆನಪಾಗುತ್ತಾರೆ.

ಮುಂದಿನ ತಿಂಗಳು ಮತ್ತೆ ಗ್ರೂಪ್ ಡಿಸ್ಕಷನ್ ಇದೆ. ಅದೇ ವಿಷಯ ಕೊಡಿ ಎಂದು ತರಬೇತುದಾರರನ್ನು ಕೇಳಿದ್ದೇನೆ. ನೋಡೋಣ ಎಂದಿದ್ದಾರೆ.